ಕ್ಯಾಲಿಫೋರ್ನಿಯಾದ ಕೌಂಟಿ ಆಸ್ತಿ ತೆರಿಗೆ ಜಾಲತಾಣ: ಹಲವು ವರ್ಷ ಬಳಸಿದ ಮೇಲೆ

ಐದಕ್ಕೆ ನಾಲ್ಕು ನಕ್ಷತ್ರ. ದಾಖಲೆಗಷ್ಟೇ ಅಂಕ ಕೊಡುವುದಾದರೆ ಐದೂ ಕೊಡುತ್ತಿದ್ದೆ. ಆ ದಾಖಲೆ ಏನು ಹೇಳುತ್ತಿದೆ ಎಂಬುದನ್ನು ಮನೆಯ ಮಾಲೀಕರಿಗೆ ತಿಳಿಸುವ ಕೆಲಸದಲ್ಲಿ ಒಂದು ನಕ್ಷತ್ರ ಹೋಯಿತು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಕೌಂಟಿಯೊಂದರಲ್ಲಿ ಮನೆ ಕೊಂಡಾಗಿನಿಂದ ಅದರ ತೆರಿಗೆ ಜಾಲತಾಣವನ್ನು ಬಳಸುತ್ತ ಬಂದಿದ್ದೇನೆ. ಕ್ಯಾಲಿಫೋರ್ನಿಯಾದಲ್ಲಿ 58 ಕೌಂಟಿಗಳಿವೆ. ಒಂದೊಂದರ ಜಾಲತಾಣ ಒಂದೊಂದು ಬಗೆ, ಆದರೆ ನಿಯಮಗಳು ರಾಜ್ಯದವು. ಹಾಗಾಗಿ ಲಾಸ್ ಏಂಜಲೀಸ್ ಕಡೆಯ ಕನ್ನಡಿಗರಿಗೂ ಇದು ಉಪಯೋಗಕ್ಕೆ ಬಂದೀತು. ಟೆಕ್ಸಾಸ್, ನ್ಯೂಜೆರ್ಸಿಗಳ ನಿಯಮಗಳೇ ಬೇರೆ. ಅಲ್ಲಿನವರು ಇದನ್ನು ನಂಬಿ ಲೆಕ್ಕ ಹಾಕಬಾರದು.

ಬೆಂಗಳೂರಿನಲ್ಲಿ ಮನೆ ತೆರಿಗೆ ಕಟ್ಟಿದವರಿಗೆ ಇಲ್ಲಿನ ಪದ್ಧತಿ ತಲೆಕೆಳಗಾಗಿ ಕಾಣುತ್ತದೆ. ಅಲ್ಲಿ ಸ್ವಯಂ ಘೋಷಣೆ: ಚದರಡಿ, ವಲಯ, ಬಳಕೆ ಎಲ್ಲವನ್ನೂ ಮಾಲೀಕರೇ ತುಂಬಿ ತೆರಿಗೆಯನ್ನು ತಾವೇ ಲೆಕ್ಕ ಹಾಕುತ್ತಾರೆ. ಇಲ್ಲಿ ಮೌಲ್ಯ ಬರೆಯುವವರು ಚುನಾಯಿತ ಅಧಿಕಾರಿಯಾದ ಅಸೆಸರ್. ಬಿಲ್ ಕಳಿಸಿ ಹಣ ಪಡೆಯುವುದು ತೆರಿಗೆ ಸಂಗ್ರಾಹಕರ ಕಚೇರಿ. ಇವೆರಡೂ ಬೇರೆ ಬೇರೆ ಕಚೇರಿಗಳು, ನಮ್ಮ ಕೌಂಟಿಯಲ್ಲಂತೂ ಜಾಲಪುಟಗಳೂ ಬೇರೆ. ಮೌಲ್ಯ ಹೆಚ್ಚಾಯಿತೆಂದು ತೆರಿಗೆ ಸಂಗ್ರಾಹಕರಿಗೆ ಫೋನ್ ಮಾಡಿದರೆ ಅವರಿಂದ ಏನೂ ಆಗದು. ಹಣ ಜಮೆಯಾಗಿಲ್ಲವೆಂದು ಅಸೆಸರ್ ಕಚೇರಿಯನ್ನು ಕೇಳಿದರೂ ಅಷ್ಟೇ.

ಅಸೆಸರ್ ಪುಟದಲ್ಲಿ ವಿಳಾಸವನ್ನೋ ಪಾರ್ಸೆಲ್ ಸಂಖ್ಯೆಯನ್ನೋ (ಪ್ರತಿ ಆಸ್ತಿಗೂ ಇರುವ ಗುರುತಿನ ಸಂಖ್ಯೆ) ಹಾಕಿದರೆ ನಿವೇಶನದ ಮೌಲ್ಯ, ಕಟ್ಟಡದ ಮೌಲ್ಯ, ವಿನಾಯಿತಿ ಮೂರೂ ಕಾಣುತ್ತವೆ. ಪ್ರವೇಶ ಖಾತೆ ಬೇಡ, ಶುಲ್ಕವಿಲ್ಲ. ನಮ್ಮಲ್ಲಿ ಮಾಲೀಕರ ಹೆಸರು ತೋರಿಸುವುದಿಲ್ಲ, ಅದು ಸರಿಯೇ. ಆದರೆ ಬೀದಿಯ ಯಾವ ಮನೆಯ ಮೌಲ್ಯವನ್ನಾದರೂ ನೋಡಬಹುದು. ಹೊಸದಾಗಿ ಮನೆ ಕೊಂಡವರು ಇಲ್ಲಿ ದಿಗಿಲುಗೊಳ್ಳುತ್ತಾರೆ: ಅದೇ ನಕ್ಷೆಯ ಪಕ್ಕದ ಮನೆಯ ತೆರಿಗೆ ತಮ್ಮದರ ಐದನೇ ಒಂದು ಪಾಲೂ ಇರುವುದಿಲ್ಲ. ಇದು ದಾಖಲೆಯ ತಪ್ಪಲ್ಲ. 1978ರ ಜೂನ್‌ನಲ್ಲಿ ಮತದಾರರು ಒಪ್ಪಿದ ಪ್ರಪೊಸಿಷನ್ 13ರ (ಜನಮತಕ್ಕೆ ಹಾಕಿದ ಪ್ರಸ್ತಾವ) ಪ್ರಕಾರ ಮೂಲ ತೆರಿಗೆ ಮೌಲ್ಯದ ಶೇ 1ನ್ನು ಮೀರುವಂತಿಲ್ಲ, ಮೌಲ್ಯವನ್ನು ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಮನೆ ಕೈ ಬದಲಾದಾಗ ಅಥವಾ ಹೊಸದಾಗಿ ಕಟ್ಟಿದಾಗ ಮಾತ್ರ ಮಾರುಕಟ್ಟೆ ಬೆಲೆಗೆ ಮರುಮೌಲ್ಯಮಾಪನ. ದಶಕಗಳಿಂದ ಅಲ್ಲೇ ಇರುವ ನೆರೆಯವರ ಲೆಕ್ಕ ಅವರು ಕೊಂಡ ಕಾಲದ ಬೆಲೆಯಿಂದ ಹೊರಟಿದೆ, ನಮ್ಮದು ನಾವು ಕೊಂಡ ಬೆಲೆಯಿಂದ. ಇದು ನ್ಯಾಯವೇ ಎಂದರೆ, ಅಲ್ಲ ಎಂದೇ ಹೇಳುತ್ತೇನೆ. ಒಂದೇ ಶಾಲೆ, ಒಂದೇ ಅಗ್ನಿಶಾಮಕ ಠಾಣೆ ಬಳಸುವ ಎರಡು ಮನೆಗಳ ನಡುವೆ ಇಷ್ಟು ಅಂತರ ಇರಬಾರದು. ಆದರೂ ಆ ಅನ್ಯಾಯವನ್ನು ಅಂಕಿಯಲ್ಲಿ ತೋರಿಸುವ ಈ ತೆರೆದ ದಾಖಲೆಯ ಬಗ್ಗೆ ನನಗೆ ಗೌರವವಿದೆ.

ಈಗ ಒಂದು ನಕ್ಷತ್ರ ಕಳೆದ ವಿಷಯಕ್ಕೆ ಬರುತ್ತೇನೆ: ಪೂರಕ ಬಿಲ್. ಮನೆ ಕೊಂಡ ತಿಂಗಳಿನಲ್ಲಿ ಕೌಂಟಿಯ ಪುಸ್ತಕದಲ್ಲಿ ಇನ್ನೂ ಹಳೆಯ ಮಾಲೀಕರ ಮೌಲ್ಯವೇ ಇರುತ್ತದೆ. ಹೊಸ ಮೌಲ್ಯಕ್ಕೂ ಹಳೆಯದಕ್ಕೂ ಇರುವ ವ್ಯತ್ಯಾಸದ ಮೇಲಿನ ತೆರಿಗೆ, ವರ್ಷದ ಉಳಿದ ತಿಂಗಳುಗಳಿಗೆ ಲೆಕ್ಕವಾಗಿ ಬೇರೆ ಬಿಲ್ಲಿನಲ್ಲಿ ಬರುತ್ತದೆ. ಒಂದು ಉದಾಹರಣೆ ನೋಡಿ. ಹಳೆಯ ಮೌಲ್ಯ 4 ಲಕ್ಷ ಡಾಲರ್, ನೀವು ಕೊಟ್ಟ ಬೆಲೆ 15 ಲಕ್ಷ. ವ್ಯತ್ಯಾಸ 11 ಲಕ್ಷ. ಮೂಲ ಶೇ 1ರ ಜೊತೆ, ಮತದಾರರು ಒಪ್ಪಿದ ಸ್ಥಳೀಯ ಸಾಲಗಳ (ಬಾಂಡ್) ಪಾಲೂ ಸೇರಿ ದರ ಶೇ 1.2 ಎಂದಿಟ್ಟುಕೊಂಡರೆ ವರ್ಷಕ್ಕೆ 13,200 ಡಾಲರ್. ತೆರಿಗೆ ವರ್ಷ ಜುಲೈ 1ರಿಂದ ಜೂನ್ 30ರವರೆಗೆ. ಮಾರ್ಚ್‌ನಲ್ಲಿ ಕೊಂಡಿದ್ದರೆ ಏಪ್ರಿಲ್ 1ರಿಂದ ಲೆಕ್ಕ ಹಿಡಿದು ಉಳಿದ ಮೂರು ತಿಂಗಳಿಗೆ 3,300 ಡಾಲರ್. ಅಲ್ಲಿಗೆ ಮುಗಿಯುವುದಿಲ್ಲ. ಮುಂದಿನ ವರ್ಷದ ಪಟ್ಟಿಯೂ ಜನವರಿ 1ರ ಸ್ಥಿತಿಯನ್ನು ಆಧರಿಸಿ, ಅಂದರೆ ಹಳೆಯ ಮೌಲ್ಯಕ್ಕೇ, ತಯಾರಾಗಿರುತ್ತದೆ. ಆದ್ದರಿಂದ ಜನವರಿಯಿಂದ ಮೇ ತಿಂಗಳೊಳಗೆ ಕೊಂಡವರಿಗೆ ಎರಡನೆಯ ಪೂರಕ ಬಿಲ್ಲೂ ಬರುತ್ತದೆ, ಅದು ಪೂರ್ತಿ 13,200.

ಸಾಲ ಕೊಟ್ಟ ಕಂಪನಿ ನಿಮ್ಮ ಎಸ್ಕ್ರೊ ಖಾತೆಯಿಂದ, ಅಂದರೆ ತೆರಿಗೆಗೆಂದು ಸಾಲದ ಕಂತಿನ ಜೊತೆಗೇ ನಿಮ್ಮಿಂದ ಪಡೆದು ಕೂಡಿಡುವ ಹಣದಿಂದ, ವಾರ್ಷಿಕ ಬಿಲ್ಲನ್ನು ಕಟ್ಟುತ್ತದೆ. ಪೂರಕ ಬಿಲ್ ಸಾಮಾನ್ಯವಾಗಿ ಅವರಿಗೆ ಹೋಗುವುದೇ ಇಲ್ಲ, ನೇರವಾಗಿ ಮಾಲೀಕರ ಹೆಸರಿಗೆ ಅಂಚೆಯಲ್ಲಿ ಬರುತ್ತದೆ. ಮನೆ ಕೊಂಡು ತಿಂಗಳುಗಳು ಕಳೆದ ಮೇಲೆ, ಕೈಯಲ್ಲಿದ್ದ ಹಣವೆಲ್ಲ ಸಾಮಾನಿಗೂ ದುರಸ್ತಿಗೂ ಖರ್ಚಾಗಿರುವಾಗ ಬರುವ ಈ ಬಿಲ್ಲನ್ನು ‘ಎಸ್ಕ್ರೊದವರು ಕಟ್ಟುತ್ತಾರೆ’ ಎಂದು ಮೇಜಿನ ಮೂಲೆಗೆ ಸರಿಸಿ ದಂಡ ತೆತ್ತ ಸಂಸಾರಗಳನ್ನು ನಾನು ಬಲ್ಲೆ. ಕೊನೆಯ ದಿನಾಂಕವೂ ವಾರ್ಷಿಕ ಬಿಲ್ಲಿನದ್ದೇ ಇರಬೇಕೆಂದಿಲ್ಲ; ಬಿಲ್ ಯಾವ ತಿಂಗಳಲ್ಲಿ ಅಂಚೆಗೆ ಬಿತ್ತು ಎಂಬುದರ ಮೇಲೆ ಅದು ನಿಲ್ಲುತ್ತದೆ. ಇಷ್ಟು ಮುಖ್ಯ ಸಂಗತಿಯನ್ನು ನಮ್ಮ ಕೌಂಟಿ ಒಳಪುಟದ ಪ್ರಶ್ನೋತ್ತರದಲ್ಲಿ ಹುಗಿದಿಟ್ಟಿದೆ. ಪಾರ್ಸೆಲ್ ಸಂಖ್ಯೆ ಹಾಕಿದಾಗ ಮೊದಲು ಕಾಣುವುದು ವಾರ್ಷಿಕ ಬಿಲ್ ಮಾತ್ರ, ಪೂರಕ ಬಿಲ್ಲಿಗೆ ಬೇರೆ ಕೊಂಡಿ ಒತ್ತಬೇಕು. ಮನೆ ನೋಂದಣಿಯ ಜೊತೆಯಲ್ಲೇ ಸಲ್ಲಿಸುವ ಮಾಲೀಕತ್ವ ಬದಲಾವಣೆಯ ನಮೂನೆಯಲ್ಲಿ ತೆರಿಗೆ ಕಾಗದ ಎಲ್ಲಿಗೆ ಬರಬೇಕು ಎಂದು ಕೇಳಿರುತ್ತಾರೆ. ಸಹಿ ಹಾಕುವ ದಿನದ ರಾಶಿ ಕಾಗದಗಳಲ್ಲಿ ಆ ಒಂದು ಸಾಲನ್ನು ದಯವಿಟ್ಟು ಕಣ್ಣಿಟ್ಟು ಓದಿ. ಬಾಡಿಗೆ ಮನೆಯ ಹಳೆಯ ವಿಳಾಸ ಅಲ್ಲಿದ್ದರೆ ಬಿಲ್ಲೂ ಅಲ್ಲಿಗೇ ಹೋಗುತ್ತದೆ. ಬಿಲ್ ಕೈಸೇರಲಿಲ್ಲ ಎಂಬ ಕಾರಣಕ್ಕೆ ದಂಡ ಮನ್ನಾ ಆಗುವುದಿಲ್ಲ.

ಹಣ ಕಟ್ಟುವ ಭಾಗ ಚೆನ್ನಾಗಿದೆ. ಮೊದಲ ಕಂತಿಗೆ ನವೆಂಬರ್ 1ರಿಂದ ಡಿಸೆಂಬರ್ 10, ಎರಡನೆಯದಕ್ಕೆ ಫೆಬ್ರುವರಿ 1ರಿಂದ ಏಪ್ರಿಲ್ 10. ಹತ್ತನೇ ತಾರೀಖು ರಜೆಯ ದಿನವಾದರೆ ಮುಂದಿನ ಕೆಲಸದ ದಿನ. ತಪ್ಪಿದರೆ ಶೇ 10 ದಂಡ. ಬೇಗ ಕಟ್ಟಿದರೆ ಬೆಂಗಳೂರಿನಂತೆ ರಿಯಾಯಿತಿ ಏನೂ ಇಲ್ಲ. ಬ್ಯಾಂಕ್ ಖಾತೆಯಿಂದ ನೇರವಾಗಿ ಕಟ್ಟಿದರೆ ನಮ್ಮಲ್ಲಿ ಶುಲ್ಕವಿಲ್ಲ; ಕ್ರೆಡಿಟ್ ಕಾರ್ಡಿನ ಸೇವಾ ಶುಲ್ಕ ಈ ಮೊತ್ತಗಳಿಗೆ ನೂರಾರು ಡಾಲರ್ ಆಗುತ್ತದೆ, ಅದರ ಗೊಡವೆಯೇ ಬೇಡ. ರಸೀದಿ ಸಂಖ್ಯೆ ಬಂದೊಡನೆ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಖಾತೆ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದ್ದರೆ ಪಾವತಿ ಕೆಲವು ದಿನಗಳ ನಂತರ ವಾಪಸಾಗುತ್ತದೆ, ಆಗ ಅದು ಕಟ್ಟದೇ ಇದ್ದ ಲೆಕ್ಕ. ಬ್ಯಾಂಕಿನಿಂದ ಹಣ ಕಳೆದುದನ್ನು ನೋಡಿ ನಿಶ್ಚಿಂತರಾಗಿ.

ಈ ಜಾಲತಾಣ ನನಗೆ ಅತಿ ಹೆಚ್ಚು ಉಪಕಾರ ಮಾಡಿದ್ದು ನಮ್ಮ ಗೃಹಸಾಲ ಒಂದು ಕಂಪನಿಯಿಂದ ಇನ್ನೊಂದಕ್ಕೆ ವರ್ಗವಾದ ವರ್ಷ. ಇಬ್ಬರೂ ಫೋನಿನಲ್ಲಿ ‘ತೆರಿಗೆ ಕಟ್ಟಲಾಗಿದೆ’ ಎಂದೇ ಹೇಳುತ್ತಿದ್ದರು. ಕೌಂಟಿಯ ಪುಟ ಮಾತ್ರ ಡಿಸೆಂಬರ್ ಮೊದಲ ವಾರ ಕಳೆದರೂ ಬಾಕಿ ಎಂದೇ ತೋರಿಸುತ್ತಿತ್ತು. ಆ ಪುಟದ ಪ್ರತಿಯನ್ನು ಹೊಸ ಕಂಪನಿಗೆ ಕಳಿಸಿ ಪಟ್ಟು ಹಿಡಿದ ಮೇಲೆ ಗಡುವಿನೊಳಗೆ ಹಣ ಸಂದಾಯವಾಯಿತು. ಎಸ್ಕ್ರೊ ಇದ್ದವರೂ ನವೆಂಬರ್ ಕೊನೆಗೊಮ್ಮೆ, ಮಾರ್ಚ್ ಕೊನೆಗೊಮ್ಮೆ ಈ ಪುಟ ತೆರೆದು ನೋಡಬೇಕೆಂದು ನಾನು ಎಲ್ಲರಿಗೂ ಹೇಳುವುದು ಇದಕ್ಕಾಗಿಯೇ.

ಮೌಲ್ಯ ಇಳಿಸಿಕೊಳ್ಳುವ ದಾರಿ ಹಲವರಿಗೆ ಗೊತ್ತಿಲ್ಲ. ಜನವರಿ 1ರಂದು ಮಾರುಕಟ್ಟೆ ಬೆಲೆ ನಿಮ್ಮ ದಾಖಲೆಯ ಮೌಲ್ಯಕ್ಕಿಂತ ಕಡಿಮೆಯಿದ್ದರೆ ಆ ವರ್ಷದ ಮಟ್ಟಿಗೆ ಅಸೆಸರ್ ಅದನ್ನು ಇಳಿಸಬೇಕು; 1978ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪ್ರಪೊಸಿಷನ್ 8 ಕೊಟ್ಟ ಹಕ್ಕು ಇದು. 2022ರ ವಸಂತದಲ್ಲಿ, ಬೆಲೆ ತುದಿ ಮುಟ್ಟಿದ್ದಾಗ ಈ ಭಾಗದಲ್ಲಿ ಕೊಂಡ ಹಲವರಿಗೆ ಮರುವರ್ಷ ಇದು ಒದಗಿಬಂತು. ಅರ್ಜಿಯ ಜೊತೆ ಸುತ್ತಮುತ್ತ ಮಾರಾಟವಾದ ಅಂಥದ್ದೇ ಮನೆಗಳ ಬೆಲೆ ಕೊಡಬೇಕು, ಮಾರ್ಚ್ 31ರ ನಂತರದ ಮಾರಾಟ ಲೆಕ್ಕಕ್ಕಿಲ್ಲ. ಒಪ್ಪದಿದ್ದರೆ ಮೇಲ್ಮನವಿ ಮಂಡಳಿ ಇದೆ. ಅದರ ಗಡುವು ಕೆಲವು ಕೌಂಟಿಗಳಲ್ಲಿ ಸೆಪ್ಟೆಂಬರ್ 15, ಉಳಿದವುಗಳಲ್ಲಿ ನವೆಂಬರ್ 30. ಒಂದು ಎಚ್ಚರಿಕೆ: ಈ ಇಳಿಕೆ ತಾತ್ಕಾಲಿಕ. ಮಾರುಕಟ್ಟೆ ಚೇತರಿಸಿಕೊಂಡಾಗ ಮೌಲ್ಯ ಒಂದೇ ವರ್ಷದಲ್ಲಿ ಶೇ 2ಕ್ಕಿಂತ ಎಷ್ಟೋ ಹೆಚ್ಚು ಏರಬಹುದು. ಶೇ 2ರ ಮಿತಿ ಇರುವುದು ಕೊಂಡ ಬೆಲೆಯಿಂದ ಬೆಳೆದು ಬಂದ ಮೂಲ ಮೌಲ್ಯಕ್ಕೆ, ಇಳಿಸಿದ ಮೌಲ್ಯಕ್ಕಲ್ಲ. ಎರಡೂ ಅಂಕಿಗಳನ್ನು ಅಕ್ಕಪಕ್ಕ ತೋರಿಸಿದರೆ ಅರ್ಧದಷ್ಟು ದೂರುಗಳು ಬರುವುದೇ ಇಲ್ಲವೆಂದು ನನಗನಿಸುತ್ತದೆ. ನಮ್ಮ ಕೌಂಟಿ ತೋರಿಸುವುದಿಲ್ಲ.

ಸ್ವಂತ ವಾಸದ ಮನೆಗೆ 7,000 ಡಾಲರ್ ಮೌಲ್ಯದ ವಿನಾಯಿತಿಯಿದೆ, ಉಳಿತಾಯ ವರ್ಷಕ್ಕೆ ಸುಮಾರು 70 ಡಾಲರ್. ಒಮ್ಮೆ ಅರ್ಜಿ ಕೊಟ್ಟರೆ ಅಲ್ಲಿ ವಾಸವಿರುವವರೆಗೂ ಸಾಕು. ಬಿಲ್ಲಿನ ಕೆಳಭಾಗದಲ್ಲಿ ಮೌಲ್ಯಕ್ಕೆ ಸಂಬಂಧವಿಲ್ಲದ ನಿಗದಿತ ಶುಲ್ಕಗಳಿರುತ್ತವೆ: ಶಾಲೆಯದು, ಸೊಳ್ಳೆ ನಿಯಂತ್ರಣದ್ದು, ಕೊಲ್ಲಿಯ ಜೌಗುಭೂಮಿ ಉಳಿಸಲು 2016ರಲ್ಲಿ ಒಂಬತ್ತು ಕೌಂಟಿಗಳ ಮತದಾರರು ಒಪ್ಪಿದ 12 ಡಾಲರ್. ಶಾಲೆಯ ಶುಲ್ಕದಿಂದ 65 ದಾಟಿದವರಿಗೆ ಹಲವು ಶಾಲಾ ಜಿಲ್ಲೆಗಳು ವಿನಾಯಿತಿ ಕೊಡುತ್ತವೆ, ಆದರೆ ಕೇಳಬೇಕಾದದ್ದು ಕೌಂಟಿಯನ್ನಲ್ಲ, ಶಾಲಾ ಜಿಲ್ಲೆಯನ್ನು. ಮನೆಯ ಮಾಲೀಕರೇ ಆಗಿರುವ ಹಿರಿಯರಿದ್ದರೆ ಇವತ್ತೇ ವಿಚಾರಿಸಿ.

ಮನೆ ಕೊಂಡ ಮೊದಲ ವರ್ಷ ಅಂಚೆಪೆಟ್ಟಿಗೆಗೆ ಸರ್ಕಾರಿ ಕಾಗದದಂತೆಯೇ ಕಾಣುವ ಪತ್ರಗಳೂ ಬರುತ್ತವೆ: ಕ್ರಯಪತ್ರದ ಪ್ರತಿಗೆ ಇಷ್ಟು ಹಣ, ತೆರಿಗೆ ಇಳಿಸಿಕೊಡಲು ಇಷ್ಟು ಹಣ, ಇಂಥ ದಿನದೊಳಗೆ ಕಳಿಸಿ ಎಂದು. ಒಂದು ಡಾಲರನ್ನೂ ಕಳಿಸಬೇಡಿ. ಮೌಲ್ಯ ಇಳಿಸಲು ಅಸೆಸರ್ ಕಚೇರಿಗೆ ಕೊಡುವ ಅರ್ಜಿಗೆ ಶುಲ್ಕವಿಲ್ಲ. ಕ್ರಯಪತ್ರದ ಪ್ರತಿ ಕೌಂಟಿಯ ನೋಂದಣಿ ಕಚೇರಿಯಲ್ಲಿ ಕೆಲವೇ ಡಾಲರಿಗೆ ಸಿಗುತ್ತದೆ. ಅನುಮಾನ ಬಂದರೆ ಆ ಪತ್ರದಲ್ಲಿರುವ ಫೋನ್ ಸಂಖ್ಯೆಗಲ್ಲ, ಕೌಂಟಿಯ ಜಾಲತಾಣದಲ್ಲಿರುವ ಸಂಖ್ಯೆಗೆ ಕರೆ ಮಾಡಿ. ಡಿಸೆಂಬರ್ ಮತ್ತು ಏಪ್ರಿಲ್ ಮೊದಲ ವಾರಗಳನ್ನು ಬಿಟ್ಟರೆ ಬೇಗ ಎತ್ತುತ್ತಾರೆ, ತಾಳ್ಮೆಯಿಂದ ವಿವರಿಸುತ್ತಾರೆ.