ನಾಲ್ಕು ಟೇಪ್ ಪ್ಲಗಿನ್, ಒಂದು ಹಳೇ ಡೆಕ್, ನಡುವೆ ನಮ್ಮ ತಂಬೂರಿ

ಅತ್ತಿಗೆ ಹಾಡಿದ ಒಂದು ದೇವರನಾಮವನ್ನು ಮನೆಯಲ್ಲೇ ರೆಕಾರ್ಡ್ ಮಾಡಿದ್ದೆ. ಗಾಯನ, ಹಾರ್ಮೋನಿಯಂ, ತಬಲಾ, ತಂಬೂರಿ. ನಾಲ್ಕೇ ಟ್ರ್ಯಾಕ್, 24 ಬಿಟ್, 48 ಕಿಲೋಹರ್ಟ್ಸ್, ಎಲ್ಲ ರೆಕಾರ್ಡಿಂಗ್ ಸಾಫ್ಟ್‌ವೇರ್ ಆದ ರೀಪರ್‌ನಲ್ಲಿ. ತಪ್ಪು ಹುಡುಕುವ ಹಾಗೇನೂ ಇರಲಿಲ್ಲ. ಆದರೆ ಅಣ್ಣ ಕೇಳಿ, "ಚೆನ್ನಾಗಿದೆ ಕಣೋ, ಆದ್ರೆ ಸ್ಟೀಲ್ ಲೋಟ ತಟ್ಟಿದ ಹಾಗಿದೆ. ನಮ್ಮ ಕ್ಯಾಸೆಟ್‌ನಲ್ಲಿ ಒಂಥರಾ ಮೆತ್ತಗೆ ಇರ್ತಿತ್ತಲ್ಲ, ಅದಿಲ್ಲ" ಅಂದ. ಅವನ ಮಾತು ತಲೆಯಲ್ಲಿ ಕೂತುಬಿಟ್ಟಿತು. ಮೂರು ವಾರ ಸಂಜೆಯೆಲ್ಲ ಇದೇ ಕೆಲಸ.

ಹೋಲಿಸಿದ್ದು ನಾಲ್ಕು ಟೇಪ್ ಪ್ಲಗಿನ್, ಅಂದರೆ ಕಂಪ್ಯೂಟರಿನ ರೆಕಾರ್ಡಿಂಗ್‌ಗೆ ಹಳೇ ಟೇಪಿನ ಗುಣ ಕೊಡುವ ಸಣ್ಣ ಸಾಫ್ಟ್‌ವೇರ್‌ಗಳು. ಚೌ ಟೇಪ್ ಮಾಡೆಲ್, ಇದು ಪೂರ್ತಿ ಉಚಿತ, ಒಳಗಿನ ಕೋಡ್ ಕೂಡ ತೆರೆದಿಟ್ಟಿದ್ದಾರೆ. ಏರ್‌ವಿಂಡೋಸ್‌ನ ಟುಟೇಪ್6, ಇದೂ ಉಚಿತ. ವೇವ್ಸ್‌ನ ಜೆ37 ಮತ್ತು ಯು-ಹೀ ಅವರ ಸ್ಯಾಟಿನ್, ಇವೆರಡಕ್ಕೆ ದುಡ್ಡು ಕೊಡಬೇಕು. ಇವುಗಳ ಪಕ್ಕದಲ್ಲಿ ಅಟ್ಟದ ಮೇಲಿಂದ ಇಳಿಸಿದ ಅಪ್ಪನ ಕ್ಯಾಸೆಟ್ ಡೆಕ್. ಹತ್ತಿಗೆ ಸ್ಪಿರಿಟ್ ಹಚ್ಚಿ, ಟೇಪನ್ನು ಓದಿ ಬರೆಯುವ ಹೆಡ್ ಒರೆಸಿದೆ, ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ನಾಲ್ಕೂ ಟ್ರ್ಯಾಕ್ ಸೇರಿಸಿದ ಮಿಕ್ಸನ್ನು ಅದರಲ್ಲೂ ಒಂದು ಸಲ ರೆಕಾರ್ಡ್ ಮಾಡಿ ವಾಪಸ್ ಕಂಪ್ಯೂಟರಿಗೆ ತಂದುಕೊಂಡೆ. ಅಸಲಿ ಟೇಪ್ ಹೇಗೆ ಕೇಳುತ್ತದೆ ಅನ್ನೋದು ಪಕ್ಕದಲ್ಲೇ ಇಲ್ಲದಿದ್ದರೆ ಹೋಲಿಕೆ ಯಾವುದಕ್ಕೆ, ಅಲ್ವಾ?

ಮೊದಲ ವಾರದ ತೀರ್ಪೆಲ್ಲ ಕಸದ ಬುಟ್ಟಿಗೆ ಹೋಯಿತು. ಯಾವ ಪ್ಲಗಿನ್ ಹಾಕಿದರೂ ಆಹಾ ಅನಿಸುತ್ತಿತ್ತು, ಯಾಕೆಂದರೆ ಹಾಕಿದ ತಕ್ಷಣ ಸದ್ದು ಒಂದೆರಡು ಡೆಸಿಬೆಲ್ ಏರುತ್ತಿತ್ತು. ಜಾಸ್ತಿ ಸದ್ದಿದ್ದದ್ದು ನಮ್ಮ ಕಿವಿಗೆ ಯಾವಾಗಲೂ ಚೆನ್ನಾಗಿಯೇ ಕೇಳುತ್ತದೆ. ಆಮೇಲೆ ಲೌಡ್‌ನೆಸ್ ಮೀಟರ್ ಇಟ್ಟು ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದೆ, ಫೈಲುಗಳಿಗೆ ಬರೀ ನಂಬರ್ ಹಾಕಿದೆ, ಯಾವುದು ಯಾವುದೆಂದು ಬೇರೆ ಕಾಗದದಲ್ಲಿ ಬರೆದು ಮಡಚಿಟ್ಟೆ. ಅಮ್ಮನಿಗೆ ಕೇಳಿಸಿದರೆ ಅವರು ಆರಿಸಿದ್ದು ಮೂರನೆಯದು. ಕಾಗದ ಬಿಡಿಸಿ ನೋಡಿದರೆ ಅದು ಏನೂ ಹಾಕದ ಮೂಲ! ಅವತ್ತು ರಾತ್ರಿ ಕಂಪ್ಯೂಟರ್ ಮುಚ್ಚಿ ಮಲಗಿಬಿಟ್ಟೆ.

ಸ್ವಲ್ಪ ಹಿನ್ನೆಲೆ ಹೇಳಿಬಿಡ್ತೀನಿ. ಟೇಪಿನ ಮೇಲೆ ಇರುವುದು ಕಬ್ಬಿಣದ ಆಕ್ಸೈಡ್ ಪುಡಿ, ಒಂಥರಾ ತುಕ್ಕು. ಅದು ಸಣ್ಣ ಸಿಗ್ನಲ್‌ಗೆ ಜಗ್ಗುವುದಿಲ್ಲ, ದೊಡ್ಡ ಸಿಗ್ನಲ್ ಬಂದರೆ ಇನ್ನು ಸಾಕು ಅಂತ ನಿಂತುಬಿಡುತ್ತದೆ. ಸಣ್ಣದರ ಸಮಸ್ಯೆಗೆ ನಮ್ಮ ಕಿವಿಗೆ ಕೇಳಿಸದಷ್ಟು ಮೇಲಿನ ಒಂದು ಸಿಗ್ನಲ್ಲನ್ನು ಹಾಡಿನ ಜತೆ ಬೆರೆಸುತ್ತಾರೆ, ಅದೇ ಬಯಾಸ್. 1940ರಲ್ಲಿ ಜರ್ಮನಿಯ ರೇಡಿಯೋ ಎಂಜಿನಿಯರುಗಳು ಈ ದಾರಿ ಕಂಡುಕೊಂಡ ಮೇಲೇ ಟೇಪ್ ಹಾಡಿಗೆ ಲಾಯಕ್ಕಾಯಿತು. ದೊಡ್ಡದು ಬಂದಾಗ ಸಾಕು ಅಂತ ನಿಲ್ಲುತ್ತದಲ್ಲ, ಅಲ್ಲಿ ಅಲೆಯ ತುದಿ ದುಂಡಗಾಗಿ ಹೊಸ ಸ್ವರಗಳು ಹುಟ್ಟುತ್ತವೆ, ಮುಖ್ಯವಾಗಿ ಮೂಲ ಸ್ವರದ ಮೂರು ಪಟ್ಟು ಕಂಪನದ್ದು. ನಾವು ಟೇಪಿನ ಗುಣ ಅಂತ ಹೊಗಳುವುದರಲ್ಲಿ ದೊಡ್ಡ ಪಾಲು ಇದರದ್ದೇ.

ಈಗ ತಬಲಾ. ಇಲ್ಲಿ ಜೆ37 ಗೆದ್ದಿತು, ನನಗೆ ಅನುಮಾನವೇ ಇಲ್ಲ. ಇದರ ಮೂಲ ಸ್ಟುಡರ್ ಕಂಪನಿಯ ಹಳೇ ವಾಲ್ವ್ ಟೇಪ್ ರೆಕಾರ್ಡರ್. ಬೀಟಲ್ಸ್ ಕಾಲದಲ್ಲಿ ಲಂಡನ್ನಿನ ಅಬ್ಬೆ ರೋಡ್‌ನಲ್ಲಿ ಇದ್ದದ್ದು, ಪ್ಲಗಿನ್ ಮಾಡುವಾಗಲೂ ಆ ಸ್ಟುಡಿಯೋದವರು ಜತೆಗಿದ್ದರು. ಮೂರು ಬಗೆಯ ಟೇಪ್ ಆರಿಸಬಹುದು: 888, 811, 815. ಸೆಕೆಂಡಿಗೆ 15 ಇಂಚು ವೇಗ, 811 ಇಟ್ಟೆ. ಎಡಗೈಯ ಡಗ್ಗಾದ ಗುಮ್ಮೆನ್ನುವ ನಾದಕ್ಕೆ ಮೈ ತುಂಬಿಕೊಂಡಿತು. ಟೇಪ್ ಹೆಡ್‌ನ ಆಕಾರದಿಂದಾಗಿ ತಗ್ಗಿನ ಸದ್ದಿನಲ್ಲಿ ಒಂದು ಉಬ್ಬು ಬರುತ್ತದೆ, ಅದು ಡಗ್ಗಾ ಇರುವ ಜಾಗದ ಆಸುಪಾಸಿನಲ್ಲೇ ಕೂತಿತ್ತು. ಬಲಗೈಯ 'ನಾ' ಪೆಟ್ಟಿನ ಚುಚ್ಚುವ ಮೊನೆಯೂ ಸ್ವಲ್ಪ ಸವೆಯಿತು, ಆದರೆ ಪೆಟ್ಟು ಪೆಟ್ಟಾಗಿಯೇ ಉಳಿಯಿತು. ಟುಟೇಪ್6ರಲ್ಲೂ ಈ ಉಬ್ಬಿಗೆ ಒಂದು ಸ್ಲೈಡರ್ ಇದೆ. ಸ್ವಲ್ಪ ಕೊಟ್ಟರೆ ಹೆಚ್ಚುಕಡಿಮೆ ಅದೇ ಫಲ, ಆದರೆ ಒಂದು ಕೂದಲೆಳೆ ಜಾಸ್ತಿಯಾದರೂ ಪಕ್ಕದ ರೂಮಿನಲ್ಲಿ ಯಾರೋ ಬಾಗಿಲು ಬಡಿದ ಹಾಗೆ. ಚೌ ಮತ್ತು ಸ್ಯಾಟಿನ್ ತಬಲಾಕ್ಕೆ ಕೆಟ್ಟದ್ದೇನೂ ಮಾಡಲಿಲ್ಲ, ವಿಶೇಷವನ್ನೂ ಮಾಡಲಿಲ್ಲ.

ಹಾರ್ಮೋನಿಯಂ ಬಗ್ಗೆ ಜಾಸ್ತಿ ಹೇಳೋದಿಲ್ಲ. ಯಾವುದನ್ನು ಹಾಕಿದರೂ ರೀಡ್‌ನ ಖಾರ ಇಳಿಯಿತು, ಜತೆಗೆ ತಿದಿಯ ಉಸಿರಿನ ಸದ್ದು ಮೇಲೆದ್ದು ಕೂತಿತು. ದೊಡ್ಡ ಸದ್ದನ್ನು ಒತ್ತಿ ಹಿಡಿದರೆ ಸಣ್ಣ ಸದ್ದು ಮೇಲೆ ಬರೋದೇ. ಪಲ್ಲವಿಗೆ ಮುಂಚೆ ದೂರದಲ್ಲಿ ಕುಕ್ಕರ್ ಕೂಗಿದ್ದು ಕೂಡ ಆವಾಗಲೇ ಗೊತ್ತಾಗಿದ್ದು.

ಗಾಯನದಲ್ಲಿ ಕಥೆ ಬೇರೆ. ಈ ದೇವರನಾಮದ ತುಂಬ ಕೃಷ್ಣ, ಶ್ರೀಶ, ಶೇಷಶಯನ. ಅತ್ತಿಗೆಯ ದನಿ ಚೊಕ್ಕ, ಮೈಕ್ ಹತ್ತಿರ, ಹಾಗಾಗಿ ಪ್ರತಿ ಷ-ಶ ಕಿವಿಗೆ ಸೂಜಿ. ಟೇಪಿನಲ್ಲಿ ರೆಕಾರ್ಡ್ ಮಾಡುವಾಗ ಮೇಲಿನ ಸದ್ದನ್ನು ಬೇಕೆಂದೇ ಎತ್ತಿ ಬರೆಯುತ್ತಾರೆ, ಆಮೇಲೆ ಕೇಳಿಸುವಾಗ ತಗ್ಗಿಸುತ್ತಾರೆ, ಆದ್ದರಿಂದ ಷ-ಶಗಳೇ ಮೊದಲು 'ಸಾಕು' ಗೆರೆ ಮುಟ್ಟಿ ತಾವಾಗೇ ಬಾಗುತ್ತವೆ. ವೇಗ ಕಡಿಮೆಯಾದಷ್ಟೂ ಇದು ಜಾಸ್ತಿ. ಸ್ಯಾಟಿನ್‌ನಲ್ಲಿ ವೇಗದ ಗುಂಡಿಯನ್ನು ನಿಧಾನಕ್ಕೆ ತಿರುಗಿಸುತ್ತ ಹೋಗಬಹುದು, ಮೆಟ್ಟಿಲಿಲ್ಲ. ಹತ್ತು ಇಂಚಿನ ಆಸುಪಾಸಿಗೆ ತಂದಾಗ 'ಶೇಷಶಯನ' ಅನ್ನುವುದು ಸೂಜಿ ಹೋಗಿ ರೇಷ್ಮೆ ಸೀರೆ ಸರಿದ ಹಾಗಾಯಿತು. ಇನ್ನೂ ಕೆಳಗೆ ಹೋದರೆ ಹಾಡುಗಾರರಿಗೆ ನೆಗಡಿ. ಜೆ37ರಲ್ಲಿ ಏಳೂವರೆ ಅಥವಾ ಹದಿನೈದು, ಎರಡೇ. ಏಳೂವರೆ ಮಂಕು ಅನಿಸಿತು, ಹದಿನೈದರಲ್ಲಿ ಸೂಜಿ ಅರ್ಧ ಉಳಿಯಿತು.

ಚೌ ಟೇಪಿನಲ್ಲಿ ನಾನೊಂದು ದಡ್ಡತನ ಮಾಡಿದೆ, ನಿಮಗೆ ಉಪಯೋಗ ಆಗಬಹುದು. ಬಯಾಸ್ ಗುಂಡಿ ಕಂಡಿತು, ಸುಮ್ನೆ ಕೆಳಕ್ಕೆ ಎಳೆದೆ. ದನಿ ಎತ್ತಿ ಹಾಡಿದ ಸಾಲುಗಳಲ್ಲಿ ಏನೂ ಗೊತ್ತಾಗಲಿಲ್ಲ. ಆದರೆ ಚರಣದ ಕೊನೆಯಲ್ಲಿ ಅತ್ತಿಗೆ ದನಿಯನ್ನು ಸಣ್ಣದು ಮಾಡುತ್ತ ಮಾಡುತ್ತ ಬಿಡುವ ಜಾಗವಿದೆ, ಅಲ್ಲಿ ದನಿ ಕರಗುವ ಬದಲು ಮರಳು ಕಾಗದ ಉಜ್ಜಿದ ಹಾಗೆ ತುಂಡು ತುಂಡಾಯಿತು. ಆ ಪುಡಿ ಸಣ್ಣ ಸಿಗ್ನಲ್‌ಗೆ ಜಗ್ಗುವುದಿಲ್ಲ ಅಂದೆನಲ್ಲ, ಅದನ್ನೇ ಪ್ಲಗಿನ್ ಅಷ್ಟು ನಿಷ್ಠೆಯಿಂದ ಮಾಡಿ ತೋರಿಸಿದ್ದು. ಇದನ್ನು ಮಾಡಿದ ಜತಿನ್ ಚೌಧರಿ ಸ್ಟ್ಯಾನ್‌ಫರ್ಡ್‌ನಲ್ಲಿ ಓದುವಾಗ ಸೋನಿಯ ಟಿಸಿ-260 ಎಂಬ ಸ್ಪೂಲ್ ಮೆಷಿನ್ ಇಟ್ಟುಕೊಂಡು, ಅಯಸ್ಕಾಂತದ ಲೆಕ್ಕವನ್ನೇ ಬಿಡಿಸುವ ಹಾಗೆ ಇದನ್ನು ಕಟ್ಟಿದ. ಲೆಕ್ಕ ಭಾರ, ನನ್ನ ಹಳೇ ಲ್ಯಾಪ್‌ಟಾಪ್ ಫ್ಯಾನ್ ಕೂಗಲು ಶುರು. ಇದರಲ್ಲಿ ಕ್ಯಾಸೆಟ್ ಪ್ಲೇಯರ್ ಟೇಪು ಅಗಿದು ತಿಂದ ಸದ್ದು ಬರಿಸುವುದಕ್ಕೂ ಒಂದು ಗುಂಡಿ ಇದೆ! ಪೆನ್ಸಿಲ್ ತೂರಿಸಿ ಟೇಪು ಸುತ್ತಿ ಸುತ್ತಿ ಬೆಳೆದವನಿಗೆ ಅದನ್ನು ದುಡ್ಡು ಕೊಡದೆಯೂ ಬೇಕು ಅನಿಸಲಿಲ್ಲ.

ಇನ್ನು ತಂಬೂರಿ. ನನ್ನ ಪ್ರಕಾರ ನಮ್ಮ ಸಂಗೀತಕ್ಕೆ ಟೇಪ್ ಪ್ಲಗಿನ್ ಆರಿಸುವವರು ಮೊದಲು ಕೇಳಬೇಕಾದ್ದು ಇದರ ಮೇಲೆ, ಕಡೆಗಲ್ಲ. ಗಿಟಾರ್, ಡ್ರಮ್ಸ್ ಮೇಲೆ ತೋರಿಸುವ ಡೆಮೋಗಳಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಟೇಪ್ ಒಂದೇ ವೇಗದಲ್ಲಿ ಓಡುವುದಿಲ್ಲ, ಸ್ವಲ್ಪ ತೇಲುತ್ತದೆ. ಈ ತೇಲಾಟಕ್ಕೆ ವಾವ್, ಫ್ಲಟರ್ ಅಂತ ಹೆಸರು, ನಾಲ್ಕೂ ಪ್ಲಗಿನ್‌ಗಳಲ್ಲಿ ಅದು ಯಾವುದಾದರೂ ರೂಪದಲ್ಲಿ ಇದೆ. ವೇಗ ನೂರಕ್ಕೆ 0.1 ಅಲುಗಿದರೆ ಶ್ರುತಿ ಸುಮಾರು 1.7 ಸೆಂಟ್ ಜಾರುತ್ತದೆ (ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್), ಕಿವಿ ಕ್ಷಮಿಸುತ್ತದೆ. ನೂರಕ್ಕೆ ಒಂದು ಅಲುಗಿದರೆ 17 ಸೆಂಟ್. ನಮ್ಮ ಸಂಗೀತದಲ್ಲಿ ಸ್ವರಗಳ ನಡುವಿನ ಒಂದು ಸಣ್ಣ ಅಂತರಕ್ಕೆ ಪ್ರಮಾಣ ಶ್ರುತಿ ಅಂತೀವಲ್ಲ, ಅದೇ ಸುಮಾರು 22 ಸೆಂಟ್. ಅಂದರೆ ಒಂದು ಶ್ರುತಿಯ ಮುಕ್ಕಾಲು ಭಾಗವನ್ನು ನೀವೇ ಕೈಯಾರೆ ಅಲ್ಲಾಡಿಸಿದ ಹಾಗೆ. ಟ್ರ್ಯಾಕ್‌ಗೆ ಒಂದೊಂದರಂತೆ ಬೇರೆ ಬೇರೆ ಪ್ಲಗಿನ್ ಹಾಕಿದರೆ ಇನ್ನೂ ಕಷ್ಟ, ಗಾಯನ ಒಂದು ಕಡೆ ತೇಲುತ್ತದೆ, ತಂಬೂರಿ ಇನ್ನೊಂದು ಕಡೆ. ಅತ್ತಿಗೆಗೆ ಅಂಥ ಒಂದು ಮಿಕ್ಸ್ ಕೇಳಿಸಿದೆ. ಎರಡು ಸಾಲು ಮುಗಿಯುವ ಮುಂಚೆ, "ನಾನು ಇಷ್ಟು ಅಪಶ್ರುತಿ ಹಾಡಿದ್ನಾ?" ಅಂದರು. ತಕ್ಷಣ ಎಲ್ಲ ಕಡೆ ಸೊನ್ನೆಗೆ ಇಳಿಸಿದೆ.

ಅಲೆಯ ತುದಿ ದುಂಡಗಾಗುವುದು ಮಾತ್ರ ತಂಬೂರಿಗೆ ಒಗ್ಗುತ್ತದೆ, ಇದು ನನಗೆ ಖುಷಿ ಕೊಟ್ಟ ಲೆಕ್ಕ. ನಮ್ಮ ಶ್ರುತಿ ಜಿ ಶಾರ್ಪ್, ಸ ಸುಮಾರು 208 ಹರ್ಟ್ಸ್. ಟೇಪ್ ಹುಟ್ಟಿಸುವ ಮೂರು ಪಟ್ಟಿನ ಸ್ವರ 624, ಅದು ಮೇಲಿನ ಪ! ಸ ಮತ್ತು ಪ ಕೂಡಿ ಹೋದಾಗ ಹುಟ್ಟುವ ಉಪಸ್ವರಗಳೂ 104, 416, ಎರಡೂ ಸ. ಹಾಗಾಗಿ ತಂಬೂರಿಯೊಂದನ್ನೇ ಟೇಪಿಗೆ ಕೊಟ್ಟರೆ ಅದು ತನ್ನ ಮನೆಯವರನ್ನೇ ಕರೆದುಕೊಂಡು ಬರುತ್ತದೆ. ಎಡವಟ್ಟಾಗುವುದು ಇಡೀ ಮಿಕ್ಸನ್ನು ಒಟ್ಟಿಗೆ ಕೊಟ್ಟಾಗ. ಈ ಹಾಡು ಮಾಯಾಮಾಳವಗೌಳ, ಶುದ್ಧ ರಿಷಭ ಸ ಸ್ವರದ ಪಕ್ಕದಲ್ಲೇ ಕೂತಿದೆ. ತಂಬೂರಿಯ ಸ, ಗಾಯನದ ರಿ ಎರಡೂ ಒಟ್ಟಿಗೆ ಆ 'ಸಾಕು' ಗೆರೆ ಮುಟ್ಟಿದರೆ ಹುಟ್ಟುವ ಉಪಸ್ವರ ಅದಕ್ಕೂ ಮೇಲಿನ ಚತುಶ್ರುತಿ ರಿಷಭದ ಹತ್ತಿರ ಬೀಳುತ್ತದೆ. ರಾಗದಲ್ಲೇ ಇಲ್ಲದ ಸ್ವರ! ತುಂಬ ಸಣ್ಣದು, ಬಿಡಿಯಾಗಿ ಯಾರಿಗೂ ಕೇಳಿಸದು, ಆದರೆ ಪೂರ್ತಿ ಮಿಕ್ಸ್ ಮೇಲೆ ಹಾಕಿದಾಗ ರಿಷಭ ಬಂದ ಕಡೆಯೆಲ್ಲ ನೀರು ಕದಡಿದ ಹಾಗೆ ಅನಿಸಿದ್ದು ಇದಕ್ಕೇ ಇರಬೇಕು. ನಾಲ್ಕರಲ್ಲೂ ಅದೇ ಅನುಭವ, ಹಾಗಾಗಿ ಎಲ್ಲ ಸೇರುವ ಮಾಸ್ಟರ್ ಟ್ರ್ಯಾಕ್‌ನಿಂದ ಎಲ್ಲವನ್ನೂ ತೆಗೆದೆ.

ಹಾಗಾದರೆ ಅಣ್ಣ ಹೇಳಿದ ಆ ಮೆತ್ತಗಿನ ಗುಣ? ಡೆಕ್‌ನಿಂದ ತಂದ ಫೈಲ್ ಹಾಕಿದಾಗ ಅವನು ಕಣ್ಣು ಮುಚ್ಚಿ "ಇದೇ, ಇದೇ" ಅಂದ. ನಾನು ಕೇಳಿದ್ದು ಏನೆಂದರೆ ಮೇಲಿನ ಸದ್ದು ಅರ್ಧ ಮಾಯ, ಹಿಂದೆ ಸುಯ್ ಅನ್ನುವ ಗಾಳಿ, ತಂಬೂರಿಯ ಜೀವಾಳಿಗೆ, ಅಂದರೆ ತಂತಿಯ ಕೆಳಗಿನ ನೂಲೆಳೆ ಹುಟ್ಟಿಸುವ ಝೇಂಕಾರಕ್ಕೆ, ಕಂಬಳಿ ಹೊದಿಸಿದ ಹಾಗೆ. ಸ್ಟುಡರ್‌ನ ಜೆ37 ಒಂದಿಂಚು, ಅಂದರೆ 25.4 ಮಿಲಿಮೀಟರ್ ಅಗಲದ ಟೇಪಿನಲ್ಲಿ ನಾಲ್ಕು ಟ್ರ್ಯಾಕ್ ಬರೆಯುತ್ತಿತ್ತು, ಸೆಕೆಂಡಿಗೆ 38 ಸೆಂಟಿಮೀಟರ್ ಓಡುತ್ತ. ಕ್ಯಾಸೆಟ್‌ನಲ್ಲೂ ಎರಡೂ ಸೈಡ್ ಸೇರಿ ನಾಲ್ಕು ಟ್ರ್ಯಾಕೇ, ಆದರೆ ಅಗಲ 3.81 ಮಿಲಿಮೀಟರ್, ಓಟ 4.76 ಸೆಂಟಿಮೀಟರ್. ಸ್ಟುಡಿಯೋದವರು ಪ್ಲಗಿನ್‌ನಲ್ಲಿ ಹುಡುಕುವ ಗುಣ ಮೊದಲನೆಯದರದ್ದು. ಅಣ್ಣ ಹುಡುಕುತ್ತಿದ್ದದ್ದು ಎರಡನೆಯದು, ಅದೂ ಪಕ್ಕದ ಮನೆಯವರ ಕ್ಯಾಸೆಟ್‌ನಿಂದ ಕಾಪಿ ಮಾಡಿಕೊಂಡ ಕಾಪಿ. ಇದು ಗೊತ್ತಾಗದೆ ನಾನು ಮೂರು ವಾರ 30 ಇಂಚು, 15 ಇಂಚು ಅಂತ ಒದ್ದಾಡಿದೆ.

ಕಡೆಗೆ ಉಳಿದದ್ದು ಇಷ್ಟು. ತಬಲಾಕ್ಕೆ ಜೆ37. ಗಾಯನಕ್ಕೆ ಸ್ಯಾಟಿನ್, ವೇಗ ಹತ್ತರ ಹತ್ತಿರ, ಒಳಗೆ ಹೋಗುವ ಲೆವೆಲ್ ಸರಾಸರಿ ಮೈನಸ್ 18 ಡೆಸಿಬೆಲ್. ಹಾರ್ಮೋನಿಯಂಗೆ ಟುಟೇಪ್6, ಅದರಲ್ಲೂ ಅರ್ಧ ಮೂಲ, ಅರ್ಧ ಟೇಪ್. ಒಂದು ಮೀಟರೂ ಚಿತ್ರವೂ ಇಲ್ಲದ ಬರೀ ಸ್ಲೈಡರ್‌ಗಳ ಆ ಪ್ಲಗಿನ್ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಯಿತು, ಕಣ್ಣಿಗೆ ಕೆಲಸವಿಲ್ಲದಿದ್ದರೆ ಕಿವಿ ಚುರುಕಾಗುತ್ತದೆ. ದುಡ್ಡು ಹಾಕುವ ಮನಸ್ಸಿಲ್ಲದಿದ್ದರೆ ಗಾಯನಕ್ಕೂ ತಬಲಾಕ್ಕೂ ಚೌ ಸಾಕು, ಬಯಾಸ್ ಮುಟ್ಟಬೇಡಿ, ಸಿಗ್ನಲ್ಲನ್ನು ಟೇಪಿಗೆ ಎಷ್ಟು ಜೋರಾಗಿ ತಳ್ಳಬೇಕೆನ್ನುವ ಡ್ರೈವ್ ಕಡಿಮೆ ಇಡಿ. ತಂಬೂರಿಗೆ ಕೊನೆಗೆ ಏನೂ ಹಾಕಲಿಲ್ಲ.

ಅಣ್ಣನಿಗೆ ಮಾತ್ರ ಡೆಕ್‌ನಿಂದ ಬಂದ ಫೈಲನ್ನೇ ಕಳಿಸಿದೆ. ಈಗ ಕಾರಿನಲ್ಲಿ ಅದನ್ನೇ ಹಾಕಿಕೊಂಡು ಓಡಾಡುತ್ತಿದ್ದಾನೆ.