ಮಾಲೀಕರೇ ಮನೆ ಮಾರುವ ಅಂತರ್ಜಾಲ ಸೇವೆ: ಒಂದು ವಿಮರ್ಶೆ

ದಲ್ಲಾಳಿಯ ಕಮಿಷನ್ ಉಳಿಸಲೆಂದು, ಮಾಲೀಕರೇ ನೇರವಾಗಿ ಜಾಹೀರಾತು ಹಾಕುವ ಸೇವೆಯೊಂದಕ್ಕೆ ನಿಗದಿತ ಶುಲ್ಕ ಕಟ್ಟಿ ನಮ್ಮ ಮನೆಯನ್ನು ಮಾರಾಟಕ್ಕಿಟ್ಟೆವು. ಚಿತ್ರಗಳನ್ನು ಕೋಣೆವಾರು ಜೋಡಿಸುವ ವ್ಯವಸ್ಥೆ ಅಚ್ಚುಕಟ್ಟಾಗಿದೆ. ಆದರೆ ಬೆಲೆ ಸೂಚಿಸುವ ಅದರ ಸಾಧನವನ್ನು ನಾನು ನಂಬಲಾರೆ: ಅದು ವಿಸ್ತೀರ್ಣವನ್ನೂ ಕಟ್ಟಡದ ವಯಸ್ಸನ್ನೂ ಕೇಳುತ್ತದೆಯೇ ಹೊರತು, ಅಡುಗೆಮನೆಯನ್ನು ಈಚೆಗೆ ನವೀಕರಿಸಿದ್ದನ್ನಾಗಲಿ, ಮಲಗುವ ಕೋಣೆಯ ಗೋಡೆಗೆ ತೇವ ಹತ್ತಿದ್ದನ್ನಾಗಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಶೇ. 2ರ ಕಮಿಷನ್ ಉಳಿಸಲು ಹೋಗಿ ಶೇ. 5ರಷ್ಟು ಕಡಿಮೆ ಬೆಲೆಗೆ ಒಪ್ಪಿಕೊಂಡರೆ ನಷ್ಟ ಮಾಲೀಕರದೇ ಆದ್ದರಿಂದ, ಸುತ್ತಮುತ್ತ ಇತ್ತೀಚೆಗೆ ನಿಜವಾಗಿ ಮಾರಾಟವಾದ ಮನೆಗಳ ಬೆಲೆಯನ್ನು (ಜಾಹೀರಾತಿನಲ್ಲಿ ಕೇಳಿದ ಬೆಲೆಯನ್ನಲ್ಲ) ವಿಚಾರಿಸಿ, ಬೇಕಿದ್ದರೆ ಮೌಲ್ಯಮಾಪಕರಿಂದ ವರದಿ ಪಡೆಯುವುದು ಲೇಸು.

ಕರೆ ಮಾಡಿದವರಲ್ಲಿ ಹಲವರು ಖರೀದಿದಾರರ ಸೋಗಿನ ದಲ್ಲಾಳಿಗಳೇ. ಅವರನ್ನು ಸೋಸುವ ಏರ್ಪಾಡು ಇಲ್ಲಿಲ್ಲ. ಸಾಲ ಮಂಜೂರಾತಿಯ ಪತ್ರವನ್ನು ಮೊದಲೇ ಕೇಳತೊಡಗಿದ ಮೇಲೆ ಸುಮ್ಮನೆ ವಿಚಾರಿಸುವವರ ಕರೆಗಳು ತಾವಾಗಿಯೇ ಕಡಿಮೆಯಾದವು. ದಾಖಲೆಗಳು ಸ್ಪಷ್ಟವಾಗಿದ್ದು, ಮನೆ ತೋರಿಸಲು ಬಿಡುವೂ ಚೌಕಾಸಿಗೆ ತಾಳ್ಮೆಯೂ ಇರುವವರಿಗೆ ಈ ಸೇವೆ ಸಾಕು. ದೂರದಲ್ಲಿದ್ದು ಮಾರುವವರು ದಲ್ಲಾಳಿಯನ್ನು ನೇಮಿಸಿಕೊಳ್ಳುವುದೇ ಸರಿ. ವಕೀಲರ ಶುಲ್ಕವಂತೂ ಇಬ್ಬರಿಗೂ ತಪ್ಪದು: ಸೇವೆ ಒದಗಿಸಿದ ಮಾದರಿ ಕರಾರುಪತ್ರದಲ್ಲಿ, ವ್ಯವಹಾರ ಮುರಿದುಬಿದ್ದರೆ ಮುಂಗಡ ಹಣ ಯಾರಿಗೆ ಸೇರಬೇಕೆಂಬ ಷರತ್ತೇ ಇರಲಿಲ್ಲ.