ಮಿಷಿಗನ್ನಿನ ಹಿಮದಲ್ಲಿ ಟೊಯೋಟಾ ಜಿಆರ್86: ಎರಡು ಚಳಿಗಾಲಗಳ ನಂತರದ ವಿಮರ್ಶೆ

ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯ್ಟ್ ನಗರದ ಹೊರವಲಯದಲ್ಲಿ ವಾಸಿಸುವ ನಾನು ಕಳೆದ ಎರಡು ಚಳಿಗಾಲಗಳನ್ನು ಟೊಯೋಟಾ ಜಿಆರ್86 ಎಂಬ ಸ್ಪೋರ್ಟ್ಸ್ ಕಾರಿನಲ್ಲಿಯೇ ಕಳೆದಿದ್ದೇನೆ. ಮನೆಯಲ್ಲಿ ಬೇರೆ ಕಾರಿಲ್ಲದ ಕಾರಣ ಕಚೇರಿ, ದಿನಸಿ, ವಿಮಾನ ನಿಲ್ದಾಣ ಎಲ್ಲದಕ್ಕೂ ಇದೇ. ಹಿಮವನ್ನು ಮನಸ್ಸಿನಲ್ಲಿಟ್ಟು ಮಾಡಿದ ವಾಹನ ಇದಲ್ಲ: 2.4 ಲೀಟರಿನ ಬಾಕ್ಸರ್ ಎಂಜಿನ್, 228 ಅಶ್ವಶಕ್ತಿ, ಸುಮಾರು 1,290 ಕಿಲೋ ತೂಕ, ಆರು ಗೇರುಗಳ ಮ್ಯಾನುಯಲ್, ಮತ್ತು ಎಂಜಿನ್ನಿನ ಬಲವೆಲ್ಲ ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಇಂಥ ಕಾರನ್ನು ನವೆಂಬರಿನಲ್ಲಿ ಹೊದಿಕೆ ಹಾಕಿ ನಿಲ್ಲಿಸಿ ಏಪ್ರಿಲ್‌ವರೆಗೆ ಮುಟ್ಟಬಾರದೆಂದು ಇಲ್ಲಿನ ಹಲವರು ಹೇಳುತ್ತಾರೆ. ನಾಲ್ಕೂ ಚಕ್ರಗಳಿಗೆ ನಿಜವಾದ ಚಳಿಗಾಲದ ಟೈರುಗಳನ್ನು ಹಾಕಿದ್ದರೆ ಆ ಭಯಕ್ಕೆ ಆಧಾರವಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಆದ್ದರಿಂದ ಈ ವಿಮರ್ಶೆ ಕಾರಿನದು ಎಷ್ಟೋ, ನಾನು ಹಾಕಿಸಿದ ಮಿಶೆಲಿನ್ ಎಕ್ಸ್-ಐಸ್ ಸ್ನೋ ಟೈರುಗಳದೂ ಅಷ್ಟೇ.

ಟೈರಿನ ಮಹತ್ವ ನನಗೆ ಮನವರಿಕೆಯಾದದ್ದು ಮೊದಲ ವರ್ಷದ ನವೆಂಬರಿನ ಒಂದು ಬೆಳಗ್ಗೆ. ಆಗ ಕಾರಿನಲ್ಲಿ ಬೇಸಿಗೆಯ ಟೈರುಗಳೇ ಇದ್ದವು. ರಾತ್ರಿ ಬಿದ್ದ ಹಿಮ ಒಂದು ಅಂಗುಲವೂ ಇರಲಿಲ್ಲ. ನಮ್ಮ ಬಡಾವಣೆಯ ತಿರುವಿನಲ್ಲಿ, ನಡೆದು ಹೋಗುವವನಿಗಿಂತ ತುಸು ಹೆಚ್ಚಿನ ವೇಗದಲ್ಲಿದ್ದಾಗ ಬ್ರೇಕು ಒತ್ತಿದೆ. ಕಾರು ನಿಲ್ಲಲೂ ಇಲ್ಲ, ತಿರುಗಲೂ ಇಲ್ಲ, ನೇರವಾಗಿ ಜಾರಿ ರಸ್ತೆಯಂಚಿನ ಹುಲ್ಲಿನ ಮೇಲೆ ಹೋಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ತಪ್ಪು ಪೂರ್ತಿಯಾಗಿ ನನ್ನದು, ಏಕೆಂದರೆ ಬೇಸಿಗೆಯ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗತೊಡಗುತ್ತದೆ ಎಂಬುದನ್ನು ಓದಿಯೂ ನಾನು ಇನ್ನೊಂದು ವಾರ ನೋಡೋಣವೆಂದು ಮುಂದೂಡಿದ್ದೆ. ಮಲೆನಾಡಿನಲ್ಲಿ ಬೆಳೆದವರಿಗೆ ಆ ಕ್ಷಣ ಅಪರಿಚಿತವೇನಲ್ಲ. ಆಷಾಢದ ಮಳೆಯಲ್ಲಿ ಹಾವಸೆ ಕಟ್ಟಿದ ಅಂಗಳಕ್ಕೆ ಚಪ್ಪಲಿ ಹಾಕಿಕೊಂಡು ಇಳಿದಾಗ ಕಾಲಡಿಯ ನೆಲವೇ ಇಲ್ಲವಾದಂತೆ ಆಗುತ್ತದಲ್ಲ, ಅದೇ ಅನುಭವ. ಅಲ್ಲಿ ನಾವು ನಡೆಯುವ ದಾರಿಗೆ ಅಡಿಕೆ ಸೋಗೆ ಹಾಸುತ್ತೇವೆ. ಇಲ್ಲಿ ರಸ್ತೆಗೆಲ್ಲ ಹಾಸಲಾಗದ ಆ ಸೋಗೆಯನ್ನು ಚಕ್ರಕ್ಕೇ ಸುತ್ತಿಕೊಂಡು ಹೋಗಬೇಕು.

ಚಳಿಗಾಲದ ಟೈರು ಮಾಡುವ ಕೆಲಸ ಎರಡು ಬಗೆಯದು. ಸಿಲಿಕಾ ಹೆಚ್ಚಾಗಿ ಬೆರೆಸಿದ ಅದರ ರಬ್ಬರು ಶೂನ್ಯಕ್ಕಿಂತ ಬಹಳ ಕೆಳಗೂ ಮೆತ್ತಗೆ ಉಳಿದು ರಸ್ತೆಯ ಉಬ್ಬುತಗ್ಗುಗಳಿಗೆ ಒತ್ತಿಕೊಳ್ಳುತ್ತದೆ. ಜೊತೆಗೆ ಟೈರಿನ ಮೇಲ್ಮೈಯ ಪ್ರತಿಯೊಂದು ರಬ್ಬರು ಗಟ್ಟಿಯಲ್ಲೂ ಬ್ಲೇಡಿನಲ್ಲಿ ಗೀರಿದಂತಹ ಹತ್ತಾರು ಸಣ್ಣ ಸೀಳುಗಳಿರುತ್ತವೆ. ಇವು ತೆರೆದು ಮುಚ್ಚುತ್ತ ನೀರ್ಗಲ್ಲಿನ (ಮಂಜುಗಡ್ಡೆಯ) ಮೇಲಿನ ತೆಳು ನೀರನ್ನು ಒರೆಸುತ್ತವೆ, ತಮ್ಮ ಅಂಚುಗಳಿಂದ ನೆಲವನ್ನು ಕಚ್ಚುತ್ತವೆ. ಗಟ್ಟಿಗಳ ನಡುವಿನ ಅಗಲವಾದ ಕಾಲುವೆಗಳಲ್ಲಿ ಹಿಮ ತುಂಬಿಕೊಳ್ಳುವುದು ದೋಷವಲ್ಲ, ಉದ್ದೇಶ. ಹಿಮಕ್ಕೆ ಹಿಮವೇ ಚೆನ್ನಾಗಿ ಅಂಟುವುದರಿಂದ, ಹಿಮದ ಉಂಡೆ ಕಟ್ಟುವಾಗ ಆಗುವಂತೆಯೇ ಕಾಲುವೆಯೊಳಗಿನ ಹಿಮ ರಸ್ತೆಯ ಹಿಮವನ್ನು ಹಿಡಿಯುತ್ತದೆ. ಕೊಳ್ಳುವಾಗ ನೋಡಬೇಕಾದ ಗುರುತು ಟೈರಿನ ಪಕ್ಕದ ಗೋಡೆಯ ಮೇಲಿರುವ, ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹರಳಿನ ಚಿತ್ರ. ಅದನ್ನು ಪಡೆಯಲು ಟೈರು ಹಿಮದ ಮೇಲಿನ ಪರೀಕ್ಷೆಯಲ್ಲಿ ಉತ್ತೀರ್ಣವಾಗಿರಬೇಕು. ಬರಿಯ ಎಂ ಪ್ಲಸ್ ಎಸ್ (ಮಡ್ ಮತ್ತು ಸ್ನೋ, ಅಂದರೆ ಕೆಸರು ಮತ್ತು ಹಿಮ) ಎಂಬ ಅಕ್ಷರಗಳಿಗೆ ಅಂತಹ ಪರೀಕ್ಷೆಯೇನೂ ಇಲ್ಲ. ಅವು ಟೈರಿನ ಮೇಲ್ಮೈ ವಿನ್ಯಾಸವನ್ನಷ್ಟೇ ಹೇಳುತ್ತವೆ. ಸರ್ವಋತು ಟೈರು ಸಾಕಾಗುತ್ತದೆಂದು ನನಗೆ ಸಲಹೆ ಕೊಟ್ಟ ಮಾರಾಟಗಾರರೊಬ್ಬರು ಈ ಎರಡನ್ನೂ ಒಂದೇ ಎಂಬಂತೆ ಹೇಳಿದ್ದರು. ಹೊಸದಾಗಿ ಊರಿನಿಂದ ಬಂದು ಇಲ್ಲಿ ಮೊದಲ ಕಾರು ಕೊಳ್ಳುವವರು ಈ ಒಂದು ವಿಷಯದಲ್ಲಿ ಮೋಸಹೋಗಬಾರದೆಂದು ನಾನು ಕಳಕಳಿಯಿಂದ ಹೇಳುತ್ತೇನೆ.

ನನ್ನ ಕಾರಿಗೆ ಕಾರ್ಖಾನೆಯಿಂದ ಬಂದದ್ದು 18 ಅಂಗುಲದ ಚಕ್ರ, 215/40 ಅಳತೆಯ ಟೈರು (ಅಗಲ 215 ಮಿಲಿಮೀಟರ್, ಗೋಡೆಯ ಎತ್ತರ ಅದರ ಶೇಕಡಾ 40). ಚಳಿಗಾಲಕ್ಕೆ ಬೇರೆಯೇ 17 ಅಂಗುಲದ ಚಕ್ರಗಳನ್ನು ಕೊಂಡು, ಇದೇ ಕಾರಿನ ಮೂಲ ಮಾದರಿಗೆ ಬರುವ 215/45 ಅಳತೆಯನ್ನು ಆರಿಸಿದೆ. ಚಕ್ರ ಚಿಕ್ಕದಾದಷ್ಟೂ ಟೈರಿನ ಗೋಡೆ ಎತ್ತರವಾಗಿ, ಹಿಮದಡಿ ಅವಿತ ಗುಂಡಿಗಳ ಪೆಟ್ಟನ್ನು ಅದು ತಾನು ತಿನ್ನುತ್ತದೆ. ಹಿಮ ಕರಗುವ ಫೆಬ್ರುವರಿ, ಮಾರ್ಚಿನ ಮಿಷಿಗನ್ ರಸ್ತೆಗಳನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಹಿಂದಿನ ಸೀಟನ್ನು ಮಡಿಸಿದರೆ ನಾಲ್ಕೂ ಚಕ್ರಗಳು ಈ ಕಾರಿನೊಳಗೇ ಹಿಡಿಸುತ್ತವೆ. ಟೈರು ಕೂರಿಸಲು ಕೊಟ್ಟ ಅಂಗಡಿಯಲ್ಲಿ ಮಾತ್ರ ಒಂದು ಪ್ರಮಾದವಾಯಿತು. ಎಕ್ಸ್-ಐಸ್ ಸ್ನೋ ಒಂದೇ ದಿಕ್ಕಿನಲ್ಲಿ ಉರುಳಬೇಕಾದ ಟೈರು, ಆ ದಿಕ್ಕನ್ನು ತೋರಿಸುವ ಬಾಣ ಅದರ ಗೋಡೆಯ ಮೇಲೆಯೇ ಇದೆ. ಬಲಗಡೆಯ ಎರಡನ್ನು ಅವರು ತಿರುವುಮುರುವಾಗಿ ಕೂರಿಸಿದ್ದರು. ಮನೆಗೆ ಬಂದು ನೋಡಿದಾಗ ತಿಳಿದು, ಮರುದಿನ ಹೋಗಿ ಸರಿಪಡಿಸಿಕೊಂಡೆ. ಅಂಗಡಿಯಿಂದ ಹೊರಡುವ ಮೊದಲೇ ನಾಲ್ಕು ಬಾಣಗಳನ್ನೂ ನೋಡಿಕೊಳ್ಳುವುದು ಒಳ್ಳೆಯದು.

ಇನ್ನು ಓಡಿಸುವ ವಿಚಾರ. ಮೊದಲ ದೊಡ್ಡ ಹಿಮಪಾತದ ಸಂಜೆ ಖಾಲಿಯಾಗಿದ್ದ ವಿಶಾಲವಾದ ಪಾರ್ಕಿಂಗ್ ಜಾಗವೊಂದರಲ್ಲಿ ಅನುಮತಿ ಪಡೆದು ಒಂದು ಗಂಟೆ ಅಭ್ಯಾಸ ಮಾಡಿದೆ, ಮತ್ತು ಆ ಒಂದು ಗಂಟೆಯಲ್ಲಿ ಕಲಿತದ್ದು ಅಷ್ಟಿಷ್ಟಲ್ಲ. ಎರಡನೆಯ ಗೇರಿನಲ್ಲಿ ಕ್ಲಚ್ಚನ್ನು ನಿಧಾನವಾಗಿ ಬಿಟ್ಟರೆ ಕಾರು ಯಾವ ತಕರಾರೂ ಇಲ್ಲದೆ ಹೊರಡುತ್ತದೆ. ಮೊದಲ ಗೇರಿನಲ್ಲಿ ತುಸು ಅವಸರಿಸಿದರೂ ಹಿಂದಿನ ಚಕ್ರಗಳು ತಿರುಗಿ ತಮ್ಮಡಿಯ ಹಿಮವನ್ನು ಉಜ್ಜಿ ನುಣುಪು ಮಾಡಿಕೊಂಡುಬಿಡುತ್ತವೆ. ಈ ಕಾರಿಗೆ ಟೋರ್ಸನ್ ಡಿಫರೆನ್ಷಿಯಲ್ ಇರುವುದು ದೊಡ್ಡ ಅನುಕೂಲ: ಹಿಂದಿನ ಎರಡು ಚಕ್ರಗಳಲ್ಲಿ ಯಾವುದಕ್ಕೆ ಹಿಡಿತ ಹೆಚ್ಚೋ ಅದಕ್ಕೆ ಹೆಚ್ಚು ಬಲ ಹೋಗುತ್ತದೆ. ಆದರೆ ಒಂದು ಚಕ್ರ ಬರಿಯ ನೀರ್ಗಲ್ಲಿನ ಮೇಲೆ ಹಿಡಿತವೇ ಇಲ್ಲದೆ ತಿರುಗುತ್ತಿದ್ದರೆ ಟೋರ್ಸನ್ ಒಂದರಿಂದಲೇ ಕೆಲಸವಾಗದು. ಆಗ ಆ ಚಕ್ರಕ್ಕೆ ತಾನಾಗಿ ಬ್ರೇಕು ಹಾಕುವ ಎಲೆಕ್ಟ್ರಾನಿಕ್ ವ್ಯವಸ್ಥೆ ನೆರವಿಗೆ ಬರುತ್ತದೆ. ಆದ್ದರಿಂದ ಸಾರ್ವಜನಿಕ ರಸ್ತೆಯಲ್ಲಿ, ಕಾರು ಜಾರದಂತೆ ತಡೆಯುವ ಸ್ಥಿರತೆ ನಿಯಂತ್ರಣವನ್ನು ನಾನು ಎಂದೂ ಆಫ್ ಮಾಡುವುದಿಲ್ಲ. ಹಿಮದಲ್ಲಿ ಹೂತು ನಿಂತಾಗ ಹಿಂದೆ ಮುಂದೆ ತೂಗಿ ಹೊರಬರಲು ಮಾತ್ರ ಕೆಲವು ಕ್ಷಣ ಆಫ್ ಮಾಡಿದ್ದುಂಟು.

ನಾಲ್ಕು ಚಕ್ರ ಚಾಲನೆಯ ಕಾರಿರುವ ಗೆಳೆಯರೊಂದಿಗೆ ನನ್ನ ಚರ್ಚೆ ಪ್ರತಿವರ್ಷ ಇಲ್ಲಿಗೇ ಬಂದು ನಿಲ್ಲುತ್ತದೆ. ಹೊರಡುವಾಗ ಮತ್ತು ಏರು ಹತ್ತುವಾಗ ಅವರ ಕಾರು ನನ್ನದಕ್ಕಿಂತ ಮೇಲೆಂಬುದನ್ನು ನಾನು ಒಪ್ಪುತ್ತೇನೆ. ನಿಲ್ಲುವಾಗ ಮಾತ್ರ ಎಂಜಿನ್ನಿನ ಬಲ ಎಷ್ಟು ಚಕ್ರಗಳಿಗೆ ಹೋಗುತ್ತದೆ ಎಂಬುದಕ್ಕೆ ಅರ್ಥವೇ ಇಲ್ಲ, ಏಕೆಂದರೆ ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಗಳಿಗೇ ಇದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬರುವ ಕಾರು ಒಣ ಡಾಂಬರಿನ ಮೇಲೆ ಸುಮಾರು 12 ಮೀಟರಿನಲ್ಲಿ ನಿಲ್ಲುವುದಾದರೆ, ಘರ್ಷಣೆ ಮೂರನೆಯ ಒಂದಕ್ಕೆ ಇಳಿಯುವ ಒತ್ತಿದ ಹಿಮದ ಮೇಲೆ 36 ಮೀಟರಿಗೂ, ಎಂಟನೆಯ ಒಂದಕ್ಕೆ ಇಳಿಯುವ ನುಣುಪು ನೀರ್ಗಲ್ಲಿನ ಮೇಲೆ ನೂರು ಮೀಟರಿನ ಹತ್ತಿರಕ್ಕೂ ಹೋಗುತ್ತದೆ. ಈ ಲೆಕ್ಕದಲ್ಲಿ ಬದಲಾಯಿಸಲು ನಮ್ಮ ಕೈಯಲ್ಲಿರುವುದು ಎರಡೇ, ವೇಗ ಮತ್ತು ಟೈರು. ಜಿಆರ್86 ಹಗುರವಾಗಿರುವುದರಿಂದ ಅದರ ಚಲನೆಯಲ್ಲಿ ಆಗುವ ಸಣ್ಣ ಬದಲಾವಣೆಯೂ ಚಾಲಕನಿಗೆ ಬೇಗ ತಿಳಿಯುತ್ತದೆ. ಹಿಂಭಾಗ ಜಾರತೊಡಗುವುದು ಸೀಟಿನ ಮೂಲಕ ಸೊಂಟಕ್ಕೆ ಮೊದಲು ಗೊತ್ತಾಗುತ್ತದೆ, ಕಣ್ಣಿಗೆ ಆಮೇಲೆ. ಆಗ ಕಾಲನ್ನು ಥಟ್ಟನೆ ಎತ್ತದೆ, ಸ್ಟಿಯರಿಂಗನ್ನು ಹೋಗಬೇಕಾದ ದಿಕ್ಕಿಗೆ ಮೆಲ್ಲನೆ ತಿರುಗಿಸಿ ಕಾದರೆ ಕಾರು ತಾನೇ ನೆಟ್ಟಗಾಗುತ್ತದೆ.

ಗೇರು ಇಳಿಸುವಾಗ ವಿಶೇಷ ಎಚ್ಚರಿಕೆ ಬೇಕು. ಎಂಜಿನ್ನಿನ ವೇಗವನ್ನು ಚಕ್ರದ ವೇಗಕ್ಕೆ ಹೊಂದಿಸದೆ ಕ್ಲಚ್ ಬಿಟ್ಟರೆ, ಕೈಬ್ರೇಕು ಎಳೆದಷ್ಟೇ ಸಲೀಸಾಗಿ ಹಿಂದಿನ ಚಕ್ರಗಳು ಹಿಡಿತ ಕಳೆದುಕೊಳ್ಳುತ್ತವೆ. ಡಿಕ್ಕಿಯಲ್ಲಿ ಮರಳಿನ ಚೀಲ ಇಡಬೇಕೆಂಬ ಹಳೆಯ ಸಲಹೆಯನ್ನು ನಾನು ಪಾಲಿಸಲಿಲ್ಲ. ತೂಕ ಹಿಂದಕ್ಕೆ ಹೆಚ್ಚಾದಷ್ಟೂ ಜಾರಿದಾಗ ಹಿಂಭಾಗವನ್ನು ತಡೆಯುವುದು ಕಷ್ಟ, ಮತ್ತು ಒಳ್ಳೆಯ ಟೈರಿನ ಮೇಲೆ ಅದರ ಅಗತ್ಯ ನನಗೆ ಕಂಡಿಲ್ಲ.

ಈ ಜೋಡಿಯ ನಿಜವಾದ ಪರೀಕ್ಷೆ ಎರಡನೆಯ ಚಳಿಗಾಲದ ಜನವರಿಯಲ್ಲಿ ಆಯಿತು. ಮಿಷಿಗನ್ನಿನ ಮೇಲಣ ಪರ್ಯಾಯದ್ವೀಪದ ಉತ್ತರ ತುದಿಯಲ್ಲಿರುವ ಕೀವಿನಾಗೆ ನಾನು ಒಬ್ಬನೇ ಹೋಗಿಬಂದೆ. ಐ-75 ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಮ್ಯಾಕಿನಾ ಸೇತುವೆ ಸಿಗುತ್ತದೆ. 1957ರಲ್ಲಿ ಸಂಚಾರಕ್ಕೆ ತೆರೆದ, ಸುಮಾರು 8 ಕಿಲೋಮೀಟರ್ ಉದ್ದದ ಈ ಸೇತುವೆಯ ತೂಗುಭಾಗದಲ್ಲಿ ಒಳಗಿನ ಸಾಲುಗಳು ಕಬ್ಬಿಣದ ಜಾಲರಿಯವು; ಮೆತ್ತನೆಯ ಟೈರು ಅದರ ಮೇಲೆ ಅತ್ತಿತ್ತ ಅಲೆದಾಡುವಂತೆ ಭಾಸವಾಗುವುದರಿಂದ ನಾನು ಹೊರಗಿನ ಸಾಲಿನಲ್ಲಿಯೇ ಹೋದೆ. ಅಲ್ಲಿಂದ ಮುಂದೆ ಸೀನಿಯಿಂದ ಶಿಂಗಲ್ಟನ್‌ವರೆಗೆ 40 ಕಿಲೋಮೀಟರ್ ರಸ್ತೆ ನೂಲು ಹಿಡಿದು ಎಳೆದಂತೆ ನೇರ. ಗಾಳಿ ಅಡ್ಡಲಾಗಿ ಹಿಮವನ್ನು ಹೊತ್ತು ತರುತ್ತಿದ್ದ ಆ ರಸ್ತೆಯಲ್ಲಿ ಕಾರು ಅಲ್ಲಾಡದೆ ಸಾಗಿದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ.

ಕೀವಿನಾದ ಹಿಮ ಎಂಥದ್ದೆಂಬುದು ಆಗುಂಬೆಯ ಮಳೆ ಕಂಡವರಿಗೆ ಬೇಗ ಅರ್ಥವಾಗುತ್ತದೆ. ಅರಬ್ಬೀ ಸಮುದ್ರದ ನೀರಾವಿಯನ್ನು ಹೊತ್ತ ಗಾಳಿ ಘಟ್ಟಕ್ಕೆ ಬಡಿದು ಮಳೆಯಾಗುವಂತೆ, ಕೆನಡಾದ ಕಡೆಯ ಕೊರೆಯುವ ಒಣಗಾಳಿ ಇನ್ನೂ ಹೆಪ್ಪುಗಟ್ಟದ ಸುಪೀರಿಯರ್ ಸರೋವರವನ್ನು ದಾಟುವಾಗ ತೇವ ಹೀರಿಕೊಂಡು, ಕೀವಿನಾದ ಏರುನೆಲಕ್ಕೆ ತಗುಲಿ ಹಿಮವಾಗಿ ಸುರಿಯುತ್ತದೆ. 1978-79ರ ಒಂದೇ ಚಳಿಗಾಲದಲ್ಲಿ ಅಲ್ಲಿ ಬಿದ್ದದ್ದು 390.4 ಅಂಗುಲ, ಅಂದರೆ ಹತ್ತು ಮೀಟರಿಗೆ ಸ್ವಲ್ಪವೇ ಕಡಿಮೆ. ಯುಎಸ್-41 ಹೆದ್ದಾರಿಯ ಪಕ್ಕದಲ್ಲಿ ಅದನ್ನು ತೋರಿಸುವ ಎತ್ತರದ ಅಳತೆಕಂಬವೊಂದನ್ನು ನಿಲ್ಲಿಸಿದ್ದಾರೆ. ಅದಕ್ಕೆ ಸ್ವಲ್ಪ ಮೊದಲು, ಹೋಟನ್ ಊರಿನಾಚೆಯ ವಿಮಾನ ನಿಲ್ದಾಣದ ಬಳಿ, ವಾಹನಗಳನ್ನು ಹಿಮ ಮತ್ತು ನೀರ್ಗಲ್ಲಿನ ಮೇಲೆ ಪರೀಕ್ಷಿಸುವ ಮಿಷಿಗನ್ ಟೆಕ್ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೂ ಇದೆ.

ಕಾರಿನ ಮಿತಿ ಎಲ್ಲಿದೆಯೆಂಬುದು ನನಗೆ ತಿಳಿದದ್ದು ಅಲ್ಲಿಯೇ. ರಸ್ತೆಯ ಹಿಮವನ್ನು ಬದಿಗೆ ತಳ್ಳುವ ನೇಗಿಲು ಲಾರಿ ಹೋಗಿ ಒತ್ತಿದ ಹಿಮದ ಮೇಲೆ, ಮರಳು ಚೆಲ್ಲಿದ ಏರಿನಲ್ಲಿ, ತಿರುವುಗಳಲ್ಲಿ ಟೈರು ಒಮ್ಮೆಯೂ ಗಾಬರಿ ಹುಟ್ಟಿಸಲಿಲ್ಲ. ಆದರೆ ಕಾರಿನ ತಳ ನೆಲದಿಂದ ಸುಮಾರು 13 ಸೆಂಟಿಮೀಟರ್ ಎತ್ತರದಲ್ಲಿದೆ, ಮತ್ತು ಹಿಮ ಅದಕ್ಕಿಂತ ಆಳವಾದಾಗ ಯಾವ ಟೈರೂ ಏನೂ ಮಾಡಲಾರದು: ಮುಂಭಾಗ ಹಿಮವನ್ನು ತಳ್ಳತೊಡಗುತ್ತದೆ, ತಳ ಅದರ ಮೇಲೆ ಏರಿ ಕೂರುತ್ತದೆ, ಚಕ್ರಗಳ ಮೇಲಿನ ಭಾರ ಇಲ್ಲವಾಗುತ್ತದೆ. ತಂಗಿದ್ದ ಮನೆಯ ಮುಂದೆ ಬೆಳಗಾಗುವಷ್ಟರಲ್ಲಿ ಮೊಣಕಾಲೆತ್ತರ ಬಿದ್ದಿತ್ತು. ಅರ್ಧ ದಿನ ಸಲಿಕೆ ಹಿಡಿಯಬೇಕಾಯಿತು. ಚಕ್ರದ ಒಳಭಾಗದಲ್ಲಿ ಹಿಮ ಗಟ್ಟಿಯಾಗಿ ಅಂಟಿಕೊಂಡರೆ ಸಮತೋಲ ತಪ್ಪಿ ಸ್ಟಿಯರಿಂಗ್ ಜೋರಾಗಿ ನಡುಗುತ್ತದೆ. ಮೊದಲ ಬಾರಿ ಏನೋ ಮುರಿದಿದೆಯೆಂದೇ ಭಾವಿಸಿ ನಿಲ್ಲಿಸಿದೆ; ಕೈಯಿಂದ ಕೆರೆದು ತೆಗೆದ ಮೇಲೆ ಎಲ್ಲ ಸರಿಹೋಯಿತು.

ವಿಚಿತ್ರವೆನಿಸಬಹುದು, ಆದರೆ ಅಲ್ಲಿನ ಮೈನಸ್ 20 ಡಿಗ್ರಿಗಿಂತ ನಮ್ಮ ಡೆಟ್ರಾಯ್ಟಿನ ಶೂನ್ಯದ ಆಸುಪಾಸೇ ಹೆಚ್ಚು ಅಪಾಯಕರ. ತೀರಾ ಚಳಿಯಲ್ಲಿ ನೀರ್ಗಲ್ಲು ಒಣಗಿ ಒರಟಾಗಿರುತ್ತದೆ; ಶೂನ್ಯದ ಹತ್ತಿರ ಅದರ ಮೇಲೆ ನೀರಿನ ಪೊರೆ ನಿಂತು ಅತ್ಯಂತ ಜಾರುತ್ತದೆ. ಇಂಥ ಬೆಳಗ್ಗೆ ಎಕ್ಸ್-ಐಸ್ ಸ್ನೋ ಟೈರು ಬೇಸಿಗೆಯ ಟೈರಿಗಿಂತ ಎಷ್ಟೋ ಮೇಲು, ಆದರೂ ಗುಲಗಂಜಿಯಷ್ಟೂ ಅತಿವಿಶ್ವಾಸ ಸಲ್ಲದು. ರಸ್ತೆಗೆ ಚೆಲ್ಲುವ ಉಪ್ಪು ಇಲ್ಲಿ ನೆರವಾಗುತ್ತದೆ. ಡೆಟ್ರಾಯ್ಟ್ ನಗರದ ಕೆಳಗೇ ಮುನ್ನೂರು ಮೀಟರಿಗೂ ಹೆಚ್ಚು ಆಳದಲ್ಲಿ ಅದರ ಗಣಿಯಿದೆ. ಆದರೆ ಮೈನಸ್ 9 ಡಿಗ್ರಿಯಿಂದ ಕೆಳಗೆ ಉಪ್ಪಿನ ಶಕ್ತಿ ಕುಂದುತ್ತದೆ, ಮತ್ತು ಎಲ್ಲ ಹವೆಯಲ್ಲೂ ಅದು ಕಾರಿನ ಉಕ್ಕನ್ನು ತಿನ್ನುತ್ತದೆ. ಈ ಕಾರನ್ನು ನಾನು ಬಹಳ ಪ್ರೀತಿಸುವುದರಿಂದ ಹದಿನೈದು ದಿನಕ್ಕೊಮ್ಮೆಯಾದರೂ ತಳಭಾಗಕ್ಕೆ ನೀರು ಹಾಯಿಸುವ ತೊಳೆಗಟ್ಟೆಗೆ ಒಯ್ಯುತ್ತೇನೆ.

ಟೈರಿನ ಗಾಳಿಯ ಒತ್ತಡ ಪ್ರತಿ ಐದೂವರೆ ಡಿಗ್ರಿ ಇಳಿತಕ್ಕೆ ಸುಮಾರು ಒಂದು ಪಿಎಸ್‌ಐ ಕಡಿಮೆಯಾಗುವುದರಿಂದ ತಿಂಗಳಿಗೆರಡು ಬಾರಿ ನೋಡಲೇಬೇಕು. ಜಿಆರ್86ರ ಬಾಗಿಲಿನ ಗಾಜಿಗೆ ಚೌಕಟ್ಟಿಲ್ಲ, ಬಾಗಿಲು ತೆರೆಯುವಾಗ ಗಾಜು ತುಸು ಕೆಳಗಿಳಿಯುವಂತೆ ಅದನ್ನು ರೂಪಿಸಿದ್ದಾರೆ; ಹೆಪ್ಪುಗಟ್ಟುವ ಮಳೆಯಾದ ರಾತ್ರಿಯ ಮರುದಿನ ಬಾಗಿಲನ್ನು ಬಲವಂತವಾಗಿ ಎಳೆಯಬಾರದು. ರಬ್ಬರಿನ ಅಂಚಿಗೆ ಮೊದಲೇ ಸಿಲಿಕೋನ್ ಎಣ್ಣೆ ಸವರಿದರೆ ತೊಂದರೆಯಿರುವುದಿಲ್ಲ.

ಟೈರಿನ ಬಗ್ಗೆ ನನ್ನ ಅಸಮಾಧಾನವೆಂದರೆ ಒಣ ರಸ್ತೆಯಲ್ಲಿ ಈ ಕಾರಿನ ಹರಿತ ಮೊಂಡಾಗುವುದು. ಸ್ಟಿಯರಿಂಗ್ ತಿರುಗಿಸಿದ ಮೇಲೆ ಟೈರಿನ ಗಟ್ಟಿಗಳು ಬಾಗಿ, ಕ್ಷಣಕಾಲ ತಡೆದು ಕಾರು ತಿರುಗುತ್ತದೆ. ಮೆತ್ತನೆಯ ರಬ್ಬರಿನ ಸ್ವಭಾವವೇ ಅದು, ಎಲ್ಲ ಕಂಪನಿಗಳ ಇಂಥ ಟೈರುಗಳಲ್ಲೂ ಇರುವಂಥದ್ದು. ಸದ್ದು ನಾನು ನಿರೀಕ್ಷಿಸಿದ್ದಕ್ಕಿಂತ ಕಡಿಮೆ. ಬೆಳಗಿನ ತಾಪಮಾನ ಸತತವಾಗಿ 7 ಡಿಗ್ರಿ ದಾಟಿದ ವಾರವೇ ಇವನ್ನು ಬಿಚ್ಚಿಡುತ್ತೇನೆ, ಏಕೆಂದರೆ ಬಿಸಿ ರಸ್ತೆಯಲ್ಲಿ ಇವು ಬೇಗ ಸವೆಯುತ್ತವೆ.

ಕಾಲುವೆಯ ಆಳ 4 ಮಿಲಿಮೀಟರಿಗೆ ಇಳಿದರೆ ಹಿಮದಲ್ಲಿ ಟೈರನ್ನು ನಂಬುವಂತಿಲ್ಲ. ಈ ಏಪ್ರಿಲ್‌ನಲ್ಲಿ ಬಿಚ್ಚಿದಾಗ ಅಳೆದು ನೋಡಿದೆ: ಮುಂದಿನವು 6 ಮಿಲಿಮೀಟರಿಗೂ ತುಸು ಹೆಚ್ಚು, ಹಿಂದಿನವು ಸರಿಯಾಗಿ 6. ಚಕ್ರಗಳನ್ನು ತೊಳೆದು ಒರೆಸಿ, ಬರುವ ನವೆಂಬರಿನಲ್ಲಿ ಹಿಂದಿನವನ್ನು ಮುಂದಕ್ಕೆ ಹಾಕಬೇಕೆಂದು ಸೀಮೆಸುಣ್ಣದಲ್ಲಿ ಗುರುತು ಬರೆದು, ಗ್ಯಾರೇಜಿನ ಬಿಸಿಲು ಬೀಳದ ಮೂಲೆಯಲ್ಲಿ ಜೋಡಿಸಿಟ್ಟಿದ್ದೇನೆ.